ಬೆಂಗಳೂರಿಗೆ ಹೊರಟವರು ಮನೆ ಎಲ್ಲಿ ಮಾಡಬೇಕು?

ಓದುಗರ ಪ್ರಶ್ನೆಗಳು

ಪರೀಕ್ಷೆಗಳು ಮುಗಿಯುವ ಹೊತ್ತಿಗೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಅನೇಕ ಮನೆಗಳಲ್ಲಿ ಸಾಮಾನು ಕಟ್ಟುವ ಸಿದ್ಧತೆ ಆರಂಭವಾಗುತ್ತದೆ. ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನಲ್ಲಿ ಯಾವ ಬಡಾವಣೆಯಲ್ಲಿ ಮನೆ ಹಿಡಿಯಬೇಕೆಂಬುದನ್ನೇ ಕೇಳಿವೆ. ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡು ಉತ್ತರಿಸಿದ್ದೇನೆ. ಮೊದಲನೆಯ ಉತ್ತರ ದೀರ್ಘವಾಗಿದೆ. ನೀರು ಮತ್ತು ಕರಾರಿನ ಕುರಿತು ಅಲ್ಲಿ ಹೇಳಿದ್ದು ಉಳಿದವರಿಗೂ ಅನ್ವಯಿಸುವುದರಿಂದ ಅದನ್ನು ಮೊಟಕುಗೊಳಿಸಿಲ್ಲ.

ಪ್ರಶ್ನೆ: ನಮ್ಮನೆಯವರಿಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ, ಐಟಿಪಿಎಲ್ ಎಂಬ ಐಟಿ ಪಾರ್ಕಿನ ಸಮೀಪದ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ. ವಾರಕ್ಕೆ ಮೂರು ದಿನ ಕಚೇರಿಗೆ ಹೋಗಬೇಕು, ಎರಡು ದಿನ ಮನೆಯಿಂದಲೇ ಕೆಲಸ. ನಾನು ಸ್ಟಾಫ್ ನರ್ಸ್. ರಾಜಾಜಿನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ವಾರಕ್ಕೆ ಆರು ದಿನದ ಪಾಳಿಯ ಕೆಲಸ ಒಪ್ಪಿಕೊಂಡಿದ್ದೇನೆ. ಮಗ ಜೂನ್‌ಗೆ ಮೂರನೆಯ ತರಗತಿ. ಅತ್ತೆಯವರೂ ನಮ್ಮೊಂದಿಗೆ ಬರುತ್ತಾರೆ. ಮಲ್ಲೇಶ್ವರದಲ್ಲಿರುವ ನೆಂಟರು ತಮ್ಮ ಹತ್ತಿರವೇ ಮನೆ ಮಾಡಿ ಎನ್ನುತ್ತಾರೆ; ನಮ್ಮನೆಯವರ ಸ್ನೇಹಿತರು ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟೇ ಒಳ್ಳೆಯದೆನ್ನುತ್ತಾರೆ. ಯಾರ ಮಾತು ಕೇಳಬೇಕು?
— ಓದುಗರು, ಶಿರಸಿ

ಉತ್ತರ: ನೆಂಟರ ಮನೆ ಮತ್ತು ಯಜಮಾನರ ಕಚೇರಿ ಎರಡನ್ನೂ ಸ್ವಲ್ಪ ಬದಿಗಿಟ್ಟು, ನಿಮ್ಮಿಬ್ಬರಲ್ಲಿ ಯಾರ ಸಮಯ ಅವರ ಕೈಯಲ್ಲಿಲ್ಲ ಎಂಬುದನ್ನು ಮೊದಲು ಕೇಳಿಕೊಳ್ಳಿ. ಮನೆ ಅವರ ಕೆಲಸದ ಜಾಗಕ್ಕೆ ಹತ್ತಿರವಿರಬೇಕು. ನಿಮ್ಮ ಕುಟುಂಬದಲ್ಲಿ ಆ ವ್ಯಕ್ತಿ ನೀವೇ. ಕಂಪನಿಯಲ್ಲಿ ದುಡಿಯುವವರು ಒಂದು ಗಂಟೆ ತಡವಾಗಿ ಹೋದರೆ ರಾತ್ರಿ ಒಂದು ಗಂಟೆ ಹೆಚ್ಚು ಕುಳಿತು ಸರಿದೂಗಿಸಬಹುದು. ಬೆಳಗಿನ ಪಾಳಿಯ ನರ್ಸ್ ತಡವಾದರೆ ರಾತ್ರಿ ಪಾಳಿ ಮುಗಿಸಿದವರು ಕಾಯುತ್ತ ನಿಲ್ಲಬೇಕಾಗುತ್ತದೆ. ಲೆಕ್ಕವೂ ನಿಮ್ಮ ಪರವಾಗಿಯೇ ಇದೆ. ವೈಟ್‌ಫೀಲ್ಡ್ ನಗರದ ಪೂರ್ವಕ್ಕೆ, ರಾಜಾಜಿನಗರ ಪಶ್ಚಿಮಕ್ಕೆ ಇವೆ. ವೈಟ್‌ಫೀಲ್ಡ್‌ನಲ್ಲಿ ಮನೆ ಮಾಡಿದರೆ ನೀವು ವಾರಕ್ಕೆ ಹನ್ನೆರಡು ಬಾರಿ ನಗರವನ್ನು ಅಡ್ಡ ದಾಟಬೇಕು. ಪಶ್ಚಿಮದಲ್ಲಿ ಮಾಡಿದರೆ ಅವರು ಆರು ಬಾರಿ ದಾಟಿದರೆ ಸಾಕು. ಅತ್ತೆಯವರಿಗೆ ಅಥವಾ ಮಗನಿಗೆ ಹುಷಾರಿಲ್ಲದ ದಿನ ಮನೆಗೆ ಧಾವಿಸಿ ಬರಬೇಕಾದವರು ಯಾರೆಂಬುದನ್ನೂ ಯೋಚಿಸಿದರೆ ವಿಷಯ ಇನ್ನಷ್ಟು ಸ್ಪಷ್ಟವಾಗುತ್ತದೆ.

ನಾನಾದರೆ ವಿಜಯನಗರ, ಹೊಸಹಳ್ಳಿ, ಅತ್ತಿಗುಪ್ಪೆಯ ಆಸುಪಾಸಿನಲ್ಲಿ ಹುಡುಕುತ್ತೇನೆ. ನಮ್ಮ ಮೆಟ್ರೊದ ನೇರಳೆ ಮಾರ್ಗ ಅಕ್ಟೋಬರ್ 2023ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಅಖಂಡವಾಗಿ ಓಡುತ್ತಿದೆ. ಈ ಮೂರೂ ನಿಲ್ದಾಣಗಳು ಆ ಮಾರ್ಗದಲ್ಲೇ ಇವೆ. ಐಟಿಪಿಎಲ್‌ಗೆ ಹತ್ತಿರದ ಪಟ್ಟಂದೂರು ಅಗ್ರಹಾರ ನಿಲ್ದಾಣವೂ ಅದೇ ಮಾರ್ಗದಲ್ಲಿದೆ. ಅಂದರೆ ನಿಮ್ಮ ಯಜಮಾನರು ಒಮ್ಮೆ ಹತ್ತಿದರೆ ಇಳಿಯುವುದು ಕಚೇರಿಯ ಹತ್ತಿರವೇ. ಪ್ರಯಾಣಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಹಿಡಿಯುವುದು ನಿಜ, ಆದರೆ ಮಳೆ ಬಂದರೂ ಮುಷ್ಕರವಾದರೂ ರಸ್ತೆಯಲ್ಲಿ ಲಾರಿ ಕೆಟ್ಟು ನಿಂತರೂ ಆ ಸಮಯ ಹೆಚ್ಚು ಬದಲಾಗುವುದಿಲ್ಲ. ಫೆಬ್ರವರಿ 2025ರ ದರ ಪರಿಷ್ಕರಣೆಯಲ್ಲಿ ಗರಿಷ್ಠ ದರ 90 ರೂಪಾಯಿಗೆ ಏರಿದೆ. ಹೋಗಿ ಬರಲು 180 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ ಹನ್ನೆರಡು ದಿನಕ್ಕೆ 2,160 ರೂಪಾಯಿ ಆಗುತ್ತದೆ, ಸ್ಮಾರ್ಟ್ ಕಾರ್ಡ್ ಬಳಸಿದರೆ ಸ್ವಲ್ಪ ರಿಯಾಯಿತಿಯೂ ಉಂಟು. ನಿಮಗೆ ಅಲ್ಲಿಂದ ರಾಜಾಜಿನಗರ ಪಕ್ಕದ ಬಡಾವಣೆಯೇ. ಬಿಎಂಟಿಸಿ ಬಸ್ಸುಗಳು ಧಾರಾಳವಾಗಿವೆ, ಮತ್ತು ಸಾಮಾನ್ಯ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ನಿಮಗೆ ಟಿಕೆಟ್ ಹಣವಿಲ್ಲ.

ಮಲ್ಲೇಶ್ವರ ಒಳ್ಳೆಯ ಜಾಗವೇ. ಸೊಪ್ಪು, ಹೂವು, ದೇವಸ್ಥಾನ, ಹವ್ಯಕ ಮಹಾಸಭೆಯ ಕಾರ್ಯಕ್ರಮಗಳು ಎಲ್ಲವೂ ನಡೆದು ಹೋಗುವ ದೂರದಲ್ಲಿ ಸಿಗುವುದರಿಂದ ನಮ್ಮ ಕಡೆಯವರಿಗೆ ಅಲ್ಲಿ ಪರವೂರು ಎನಿಸುವುದಿಲ್ಲ, ಅತ್ತೆಯವರಿಗಂತೂ ಹಿತವೆನಿಸೀತು. ಆದರೆ ಅಲ್ಲಿನ ಮೆಟ್ರೊ ಹಸಿರು ಮಾರ್ಗದ್ದು. ನಿಮ್ಮ ಯಜಮಾನರು ಕಚೇರಿಯ ದಿನಗಳಲ್ಲಿ ಮೆಜೆಸ್ಟಿಕ್‌ನಲ್ಲಿ ಇಳಿದು, ಬೆಳಗಿನ ಒಂಬತ್ತರ ಜನಸಂದಣಿಯಲ್ಲಿ ಮಾರ್ಗ ಬದಲಿಸಬೇಕಾಗುತ್ತದೆ. ಅದೇ ಬಾಡಿಗೆಗೆ ವಿಜಯನಗರದ ಕಡೆ ಸಿಗುವಷ್ಟು ದೊಡ್ಡ ಮನೆ ಮಲ್ಲೇಶ್ವರದಲ್ಲಿ ಸಿಗುವುದು ಕಷ್ಟ. ನೆಂಟರು ಮೂರು ಮೈಲಿ ಆಚೆ ಇದ್ದರೂ ಆಪತ್ತಿಗೆ ಒದಗುತ್ತಾರೆ, ಒಂದೇ ಬೀದಿಯಲ್ಲಿ ಇರಬೇಕೆಂದೇನೂ ಇಲ್ಲ.

ಇನ್ನು ನೀರು. ನಮ್ಮ ಜಿಲ್ಲೆಯಿಂದ ಹೋದವರು ಕೇಳಲು ಮರೆಯುವ ಪ್ರಶ್ನೆ ಇದೇ. ಏಕೆಂದರೆ ಹಿತ್ತಲಿನ ಬಾವಿಯಲ್ಲಿ ಕೊಡ ಇಳಿಸಿದರೆ ನೀರು ಬರುವುದನ್ನು ನೋಡುತ್ತ ಬೆಳೆದವರು ನಾವು. ಶಿರಸಿಯಲ್ಲಿ ವರ್ಷಕ್ಕೆ ಬೀಳುವ ಮಳೆಯ ಅರ್ಧದಷ್ಟೂ ಬೆಂಗಳೂರಿನಲ್ಲಿ ಬೀಳುವುದಿಲ್ಲ, ಅಲ್ಲಿ ಅದು ಸಾವಿರ ಮಿಲಿಮೀಟರಿಗಿಂತ ತುಸು ಕಡಿಮೆಯೇ. ಕುಡಿಯುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪುಗಳ ಮೂಲಕ ಮೇಲೇರಿ ಬರಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರುಗಳ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾದ ಸ್ಥಿತಿ ಬಂದಿತ್ತು. ಆ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೆಯ ಹಂತ ಉದ್ಘಾಟನೆಯಾಗಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ಹೆಚ್ಚುವರಿಯಾಗಿ ತರುವ ವ್ಯವಸ್ಥೆಯಾಯಿತು. ಅದು ಮುಖ್ಯವಾಗಿ 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ. ಆದರೆ ಯೋಜನೆ ಬಡಾವಣೆಗೆ ಬಂದಿದೆ ಎಂದ ಮಾತ್ರಕ್ಕೆ ನೀವು ನೋಡುತ್ತಿರುವ ಕಟ್ಟಡಕ್ಕೆ ಸಂಪರ್ಕ ಸಿಕ್ಕಿದೆ ಎಂದಲ್ಲ. ಹಳೆಯ ಬಡಾವಣೆಗಳಲ್ಲಿ ಕಾವೇರಿ ಕೊಳವೆ ದಶಕಗಳಿಂದ ಇದೆ, ವಿಜಯನಗರದ ಕಡೆ ನಾನು ಬೆರಳು ತೋರಿಸಲು ಇದೂ ಒಂದು ಕಾರಣ.

ಮನೆ ನೋಡಲು ಹೋದಾಗ ಹಾಲ್ ಎಷ್ಟು ದೊಡ್ಡದಿದೆ ಎಂದು ನೋಡುವ ಮೊದಲು ಅಡುಗೆಮನೆಯ ನಲ್ಲಿ ಬಿಟ್ಟು, ಬಚ್ಚಲಿನ ಬಕೆಟ್ಟಿನ ಒಳಮೈ ಮತ್ತು ನಲ್ಲಿಯ ಬುಡ ನೋಡಿ. ಅಲ್ಲಿ ಸುಣ್ಣ ಬಳಿದಂತೆ ಬಿಳಿಯ ಪದರ ಕಟ್ಟಿದ್ದರೆ ಬಳಕೆಗೆ ಬರುತ್ತಿರುವುದು ಕೊಳವೆಬಾವಿಯ ಗಡಸು ನೀರು. ಆ ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಗೀಸರಿನ ಕಾಯಿಲ್ ಪದರ ಕಟ್ಟಿ ಬೇಗ ಹಾಳಾಗುತ್ತದೆ. ಮೆದು ನೀರಿಗೆ ಒಗ್ಗಿದ ಅತ್ತೆಯವರು ಮೊದಲ ವಾರದಲ್ಲೇ ಚಹಾದ ರುಚಿ ಕೆಟ್ಟಿತೆಂದು ಹೇಳಿಯಾರು. ಆಮೇಲೆ ಮಾಲೀಕರನ್ನು ನಾಲ್ಕು ವಿಷಯ ಕೇಳಿ: ಕಾವೇರಿ ನೀರು ವಾರದಲ್ಲಿ ಎಷ್ಟು ದಿನ, ಎಷ್ಟು ಹೊತ್ತು ಬರುತ್ತದೆ, ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗಳಿಗೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದ್ದರೇ, ತರಿಸಿದರೆ ಹಣ ಯಾರು ಕೊಡಬೇಕು. ಅವರು ಏನೇ ಹೇಳಲಿ, ಅದೇ ಪ್ರಶ್ನೆಗಳನ್ನು ಕೆಳಗಿನ ಮನೆಯವರಲ್ಲಿ ಮತ್ತು ಬೀದಿಯ ಕಿರಾಣಿ ಅಂಗಡಿಯಲ್ಲಿ ಮತ್ತೊಮ್ಮೆ ಕೇಳಿ. ನಮ್ಮ ಕಡೆ ತೋಟ ಕೊಳ್ಳುವವರು ಬೇಸಿಗೆಯಲ್ಲಿ ಬಾವಿ ನೋಡದೆ ಮುಂಗಡ ಕೊಡುವುದಿಲ್ಲವಲ್ಲ, ಆ ಎಚ್ಚರವನ್ನು ಬೆಂಗಳೂರಿಗೂ ಒಯ್ಯಿರಿ.

ಮಳೆನೀರಿನ ಕುರಿತೂ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆಯ ಬೆಲೆಬಾಳುವ ಬಡಾವಣೆಗಳಿಂದಲೇ ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ಕೆರೆಯಿಂದ ಕೆರೆಗೆ ನೀರು ಹರಿಯುತ್ತಿದ್ದ ರಾಜಕಾಲುವೆಗಳನ್ನು ಒತ್ತುವರಿ ಮಾಡಿ ಕಟ್ಟಡಗಳೆದ್ದದ್ದು ಅದಕ್ಕೆ ಮುಖ್ಯ ಕಾರಣ. ಆದ್ದರಿಂದ ಪೂರ್ವವಾಗಲಿ ಪಶ್ಚಿಮವಾಗಲಿ, ರಾಜಕಾಲುವೆಗೆ ಅಂಟಿದ ಬೀದಿಯಲ್ಲಿ ಮತ್ತು ರಸ್ತೆಗಿಂತ ತಗ್ಗಿನಲ್ಲಿರುವ ನೆಲಮಹಡಿಯಲ್ಲಿ ಮನೆ ಹಿಡಿಯಬೇಡಿ. ಗೋಡೆಯ ಬುಡದಲ್ಲಿ ಹೊಸ ಬಣ್ಣದ ಪಟ್ಟಿ ಕಂಡರೆ ಏಕೆಂದು ಕೇಳಿ.

ನಮ್ಮವರು ಲೆಕ್ಕಕ್ಕೇ ತೆಗೆದುಕೊಳ್ಳದ ಇನ್ನೊಂದು ದಾರಿ ಇದೆ, ಅದು ಊರಿನ ದಾರಿ. ಮದುವೆ, ಶ್ರಾದ್ಧ, ಅಡಿಕೆಯ ಕೊನೆಕೊಯ್ಲು, ತೀರಿಕೊಂಡವರ ಸುದ್ದಿ ಎಂದು ನೀವು ವರ್ಷದಲ್ಲಿ ಹಲವು ಸಲ ಶಿರಸಿಗೆ ಬಂದು ಹೋಗುತ್ತೀರಿ. ಶಿರಸಿಯ ರಾತ್ರಿ ಬಸ್ಸುಗಳು ನಗರವನ್ನು ಪ್ರವೇಶಿಸುವುದು ತುಮಕೂರು ರಸ್ತೆಯಿಂದ; ಬೆಳಗಿನ ಜಾವ ಜಾಲಹಳ್ಳಿ, ಗೊರಗುಂಟೆಪಾಳ್ಯ, ಯಶವಂತಪುರ ದಾಟಿ ಮೆಜೆಸ್ಟಿಕ್ ಸೇರುತ್ತವೆ. ಪಶ್ಚಿಮದಲ್ಲಿ ಮನೆಯಿದ್ದರೆ ಮುದುಕರನ್ನೂ ತೆಂಗಿನಕಾಯಿ ಚೀಲವನ್ನೂ ಇಳಿಸಿಕೊಂಡು ಆಟೊದಲ್ಲಿ ಬೇಗ ಮನೆ ಸೇರಬಹುದು. ವೈಟ್‌ಫೀಲ್ಡ್‌ನಲ್ಲಿದ್ದರೆ ರಾತ್ರಿಯಿಡೀ ಪ್ರಯಾಣ ಮಾಡಿದ ಮೇಲೆ ನಗರದೊಳಗೇ ಇನ್ನೊಂದು ಪ್ರಯಾಣ ಕಾದಿರುತ್ತದೆ. ಭಾನುವಾರ ಬಂದಿಳಿಯುವವರು ಆ ದಿನ ಮೆಟ್ರೊ ಬೆಳಿಗ್ಗೆ ಏಳಕ್ಕೆ ಆರಂಭವಾಗುವುದನ್ನು ಗಮನದಲ್ಲಿಡಬೇಕು.

ಶಾಲೆಯನ್ನು ಮನೆ ಗೊತ್ತುಮಾಡಿದ ನಂತರ ಅದರ ಸುತ್ತಲೇ ಹುಡುಕಿ. ಹೆಸರುವಾಸಿ ಶಾಲೆಗಾಗಿ ಎಂಟು ವರ್ಷದ ಮಗುವನ್ನು ದಿನಕ್ಕೆ ಎರಡು ಗಂಟೆ ವ್ಯಾನಿನಲ್ಲಿ ಕೂರಿಸುವುದು ನನಗೆ ಒಪ್ಪಿತವಲ್ಲ. ಖಾಸಗಿ ಶಾಲೆಗಳ ಪ್ರವೇಶ ಹಿಂದಿನ ವರ್ಷದ ಕೊನೆಯಲ್ಲೇ ಶುರುವಾಗುವುದರಿಂದ ಈಗಲೇ ವಿಚಾರಿಸಿ.

ಕರಾರಿನ ವಿಷಯ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವ ಹಳೆಯ ವಾಡಿಕೆ ಇದೆ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ, ಆದ್ದರಿಂದ ಸಂಕೋಚವಿಲ್ಲದೆ ಚೌಕಾಸಿ ಮಾಡಿ. ಕೇಂದ್ರ ಸರ್ಕಾರದ 2021ರ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮಿತಿ ಹೇಳುತ್ತದೆಯಾದರೂ ಅದು ರಾಜ್ಯಗಳ ಮುಂದಿಟ್ಟ ಮಾದರಿ ಮಾತ್ರ. ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು, ಏಕೆಂದರೆ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯದಾದರೆ ನೋಂದಣಿ ಕಡ್ಡಾಯವಾಗುತ್ತದೆ. ಸಹಿ ಹಾಕುವ ಮುನ್ನ ಬಿಡುವಾಗ ಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳುತ್ತಾರೆ, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ನೀರಿನ ಹಣ ಬಾಡಿಗೆಯೊಳಗೇ ಸೇರಿದೆಯೇ ಎಂಬುದನ್ನು ಬರವಣಿಗೆಯಲ್ಲಿ ತನ್ನಿ. ಅಡ್ವಾನ್ಸ್ ಹಣವನ್ನು ನಗದಾಗಿ ಕೊಡದೆ ಬ್ಯಾಂಕ್ ಮೂಲಕವೇ ಕೊಡಿ. ಗೃಹಜ್ಯೋತಿ ಬಾಡಿಗೆದಾರರಿಗೂ ಇರುವುದರಿಂದ, ಶಿರಸಿಯ ಮನೆಯ ಹೆಸ್ಕಾಂ ಮೀಟರಿಗೆ ನಿಮ್ಮ ಆಧಾರ್ ಜೋಡಣೆಯಾಗಿದ್ದರೆ ಅದನ್ನು ಬಿಡಿಸಿ ಬೆಸ್ಕಾಂ ಮೀಟರಿಗೆ ಜೋಡಿಸಿಕೊಳ್ಳಬಹುದು.

ಇಷ್ಟನ್ನೂ ಫೋನಿನಲ್ಲಿ ಫೋಟೊ ನೋಡಿ ತೀರ್ಮಾನಿಸಬೇಡಿ. ನಿಮ್ಮ ಯಜಮಾನರು ಮೊದಲು ಹೋಗಿ ಮಲ್ಲೇಶ್ವರದ ನೆಂಟರಲ್ಲಿ ಎರಡು ವಾರ ಇರಲಿ. ಇಷ್ಟವಾದ ಮನೆಯಿಂದ ಮೆಟ್ರೊ ನಿಲ್ದಾಣಕ್ಕೆ ಕೆಲಸದ ದಿನ ಬೆಳಿಗ್ಗೆ ಎಂಟೂವರೆಗೆ ಸ್ವತಃ ನಡೆದು ನೋಡಲಿ. ಬ್ರೋಕರು ಐದು ನಿಮಿಷವೆಂದ ದಾರಿ ಪಾದಚಾರಿ ಮಾರ್ಗವಿಲ್ಲದೆ, ಮಧ್ಯೆ ದೊಡ್ಡ ರಸ್ತೆ ದಾಟಿ, ಇಪ್ಪತ್ತು ನಿಮಿಷವಾಗುವುದು ಸಾಮಾನ್ಯ. ನಿಮ್ಮ ಬೆಳಗಿನ ಪಾಳಿಯ ಹೊತ್ತಿಗೆ ಬಸ್ಸು ಸಿಗುತ್ತದೆಯೇ, ರಾತ್ರಿ ಪಾಳಿಗೆ ಹೊರಡುವ ಹೊತ್ತಿನಲ್ಲಿ ಬೀದಿದೀಪ ಉರಿಯುತ್ತದೆಯೇ ಎಂಬುದನ್ನೂ ಅವರೇ ನೋಡಿಕೊಂಡು ಬರಲಿ.

ಪ್ರಶ್ನೆ: ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮೊದಲ ಕೆಲಸ. ವಯಸ್ಸು ಇಪ್ಪತ್ತೆರಡು. ಕಂಪನಿಯ ಎದುರಿನ ಪಿ.ಜಿ.ಗೆ (ಊಟ-ವಸತಿಯ ಪೇಯಿಂಗ್ ಗೆಸ್ಟ್ ಮನೆಗೆ) ಸೇರಿಸುವುದೋ, ಮೂವರು ಗೆಳತಿಯರೊಂದಿಗೆ ಮನೆ ಮಾಡಿಸುವುದೋ ತಿಳಿಯುತ್ತಿಲ್ಲ. ದೂರವಾದರೂ ಸುರಕ್ಷಿತ ಜಾಗ ಬೇಕು.
— ಓದುಗರು, ಕುಮಟಾ

ಉತ್ತರ: ಮೊದಲ ಮೂರು ತಿಂಗಳಿಗೆ ಪಿ.ಜಿ., ಆಮೇಲೆ ಗೆಳತಿಯರೊಂದಿಗೆ ಮನೆ ಎಂಬುದು ನನ್ನ ಸಲಹೆ. ಹೊಸ ಕೆಲಸದಲ್ಲಿ ತಂಡ, ಪಾಳಿ, ಕೆಲವೊಮ್ಮೆ ಕಚೇರಿಯೇ ಬದಲಾಗುವ ಸಾಧ್ಯತೆ ಇರುವುದರಿಂದ ಮೊದಲ ದಿನವೇ ದೊಡ್ಡ ಅಡ್ವಾನ್ಸ್ ಕಟ್ಟಿ ಹನ್ನೊಂದು ತಿಂಗಳಿಗೆ ಸಿಕ್ಕಿಕೊಳ್ಳುವುದು ಬೇಡ. ಜೊತೆಗೆ ವಾಸ ಮಾಡಬಹುದಾದ ಗೆಳತಿಯರು ಯಾರು ಎಂಬುದೂ ಅವಳಿಗೆ ಕೆಲಸದ ಜಾಗದಲ್ಲಿ ನಾಲ್ಕು ದಿನ ಕಳೆದ ಮೇಲೆಯೇ ತಿಳಿಯುವುದು.

ಪಿ.ಜಿ. ಆರಿಸುವಾಗ ನೀವೇ ಜೊತೆಗೆ ಹೋಗಿ. ಬೆಂಗಳೂರಿನ ಪಾಲಿಕೆ ಆಗಸ್ಟ್ 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ, ಸಿಸಿಟಿವಿ ಕ್ಯಾಮೆರಾ, ಕಾವಲು, ಅಡುಗೆಮನೆಗೆ ಆಹಾರ ಸುರಕ್ಷತೆಯ ಪರವಾನಗಿ ಇರಬೇಕು. ಪರವಾನಗಿ ತೋರಿಸಿ ಎಂದು ಕೇಳಲು ನಿಮಗೆ ಪೂರ್ಣ ಹಕ್ಕಿದೆ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಜಾಗದಲ್ಲಿ ಮಗಳನ್ನು ಬಿಡಬೇಡಿ. ಕಿಟಕಿ ತೆರೆದು ನೋಡಿ, ಎರಡನೆಯ ಮೆಟ್ಟಿಲು ಅಥವಾ ಹೊರದಾರಿ ಇದೆಯೇ ನೋಡಿ, ರಾತ್ರಿಯ ಊಟಕ್ಕೆ ಕುಳಿತಿರುವ ಹುಡುಗಿಯರೊಂದಿಗೆ ಮಗಳೇ ಮಾತನಾಡಲಿ, ಆಗ ನೀವು ಸ್ವಲ್ಪ ದೂರದಲ್ಲಿರಿ. ಮೀನಿನ ಊಟ ಸಿಗದೆಂಬ ಒಂದೇ ಕಾರಣಕ್ಕೆ ಒಳ್ಳೆಯ ಪಿ.ಜಿ. ಬಿಡುವುದು ಬೇಡ, ಅದಕ್ಕೆ ಭಾನುವಾರಗಳಿವೆ.

ಕಂಪನಿಯ ಎದುರೇ ಇರಬೇಕೆಂಬ ಒತ್ತಾಯ ಈಗ ಬೇಕಿಲ್ಲ. ಆಗಸ್ಟ್ 10, 2025ರಂದು ಉದ್ಘಾಟನೆಯಾದ ಹಳದಿ ಮಾರ್ಗ ಜಯನಗರದ ಬಳಿಯ ಆರ್.ವಿ. ರಸ್ತೆಯಿಂದ ಸಿಲ್ಕ್ ಬೋರ್ಡ್, ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರದವರೆಗೆ ಹೋಗುತ್ತದೆ. ಸಿಲ್ಕ್ ಬೋರ್ಡಿನ ವಾಹನಸಾಲಿನಲ್ಲಿ ಆಯುಷ್ಯ ಕಳೆಯುತ್ತಿದ್ದವರಿಗೆ ಇದು ನಿಜವಾದ ಬಿಡುಗಡೆ. ಹೀಗಾಗಿ ಮಗಳು ಜಯನಗರ, ಆರ್.ವಿ. ರಸ್ತೆ, ಬನಶಂಕರಿಯಂಥ ಹಳೆಯ, ಹೊತ್ತು ಮುಳುಗಿದ ಮೇಲೂ ಬೀದಿಯಲ್ಲಿ ಸಂಸಾರಸ್ಥರು ಓಡಾಡುವ ಬಡಾವಣೆಯಲ್ಲಿದ್ದುಕೊಂಡು ಕೆಲಸಕ್ಕೆ ಹೋಗಿಬರಬಹುದು. ಸುರಕ್ಷತೆಯನ್ನು ನಾನು ಅಳೆಯುವುದು ಕಾಂಪೌಂಡಿನ ಎತ್ತರದಿಂದಲ್ಲ; ರಾತ್ರಿ ಒಂಬತ್ತಕ್ಕೆ ನಿಲ್ದಾಣದಿಂದ ಕೋಣೆಗೆ ಬರುವ ದಾರಿಯಲ್ಲಿ ತೆರೆದ ಅಂಗಡಿಗಳು, ಬೆಳಕು, ಜನ ಇದ್ದಾರೆಯೇ ಎಂಬುದರಿಂದ. ಕೆಲಸ ರಾತ್ರಿ ಪಾಳಿಯದ್ದಾದರೆ ಮಾತು ಬೇರೆ: ಐಟಿ ಸಂಸ್ಥೆಗಳು ರಾತ್ರಿ ಎಂಟರಿಂದ ಬೆಳಿಗ್ಗೆ ಆರರ ನಡುವೆ ಮಹಿಳೆಯರಿಂದ ಕೆಲಸ ಮಾಡಿಸುವುದಾದರೆ ವಾಹನ ಒದಗಿಸಲೇಬೇಕು. ಯಾವ ಬಡಾವಣೆಗಳಿಗೆ ತಮ್ಮ ವಾಹನ ಹೋಗುತ್ತದೆ ಎಂದು ಕಂಪನಿಯನ್ನು ಮೊದಲೇ ಕೇಳಿ, ಆಮೇಲೆ ಜಾಗ ನಿಶ್ಚಯಿಸಿ.

ನಿಮಗೆ ಇನ್ನೊಂದು ಅನುಕೂಲವೂ ಇದೆ. ಕಾರವಾರದಿಂದ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಕುಮಟಾದಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಯಶವಂತಪುರ. ಅಲ್ಲಿ ಹಸಿರು ಮಾರ್ಗ ಹಿಡಿದರೆ ಆರ್.ವಿ. ರಸ್ತೆ, ಅಲ್ಲಿಂದ ಹಳದಿ ಮಾರ್ಗ. ಹಬ್ಬಕ್ಕೆ ಬಂದು ಮರಳುವ ಮಗಳು ಬೆಂಗಳೂರು ಮುಟ್ಟಿದ ಮೇಲೆ ರಸ್ತೆಯನ್ನೇ ನೆಚ್ಚಿಕೊಳ್ಳಬೇಕಿಲ್ಲ. ಮಳೆಗಾಲದಲ್ಲಿ ಸಕಲೇಶಪುರದ ಘಟ್ಟದಲ್ಲಿ ಮಣ್ಣು ಕುಸಿದು ರೈಲು ನಿಲ್ಲುವುದುಂಟು. ಜುಲೈ 2024ರಲ್ಲಿ ನಮ್ಮ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದ್ದನ್ನು ನೀವು ಮರೆತಿರಲಾರಿರಿ. ಆ ತಿಂಗಳುಗಳಲ್ಲಿ ರಜೆಗೆ ಒಂದು ದಿನ ಹೆಚ್ಚೇ ಇಟ್ಟುಕೊಳ್ಳಲಿ.

ಪ್ರಶ್ನೆ: ಮಗನಿಗೆ ಬೆಂಗಳೂರಿನಲ್ಲಿ ಕೆಲಸವಾಗಿ ನಾಲ್ಕು ತಿಂಗಳಾಯಿತು. ಜಮೀನು ಮಾರಿದ ಹಣ ಬ್ಯಾಂಕಿನಲ್ಲಿದೆ. ಬಾಡಿಗೆ ಕಟ್ಟುವುದು ದಂಡವೆಂದು, ವಿಮಾನ ನಿಲ್ದಾಣದ ಕಡೆ ಅಗ್ಗದಲ್ಲಿ ಸಿಗುತ್ತಿರುವ ರೆವಿನ್ಯೂ ಸೈಟು ತೆಗೆದುಕೊಂಡು ಮನೆ ಕಟ್ಟಿಸೋಣ ಎಂದುಕೊಂಡಿದ್ದೇನೆ. ಸದ್ಯದಲ್ಲೇ ಮೆಟ್ರೊ ಬರುತ್ತದಂತೆ. ಅಲ್ಲಿಯವರೆಗೆ ಇಪ್ಪತ್ತು ಲಕ್ಷ ಕೊಟ್ಟು ಭೋಗ್ಯಕ್ಕೆ ಮನೆ ಹಿಡಿಯಬಹುದೇ?
— ಓದುಗರು, ಅಂಕೋಲಾ

ಉತ್ತರ: ದಯವಿಟ್ಟು ಆ ಸೈಟಿಗೆ ಮುಂಗಡ ಕೊಡಬೇಡಿ. ರೆವಿನ್ಯೂ ಸೈಟು ಎಂದರೆ ಬಹುಪಾಲು ಕೃಷಿ ಜಮೀನನ್ನು ಭೂ ಪರಿವರ್ತನೆ ಮಾಡಿಸದೆ, ಅಂದರೆ ಎನ್‌ಎ ಆಗದೆ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆಯನ್ನೂ ಪಡೆಯದೆ ತುಂಡು ಮಾಡಿ ಮಾರಿದ್ದು. ಅಗ್ಗವಾಗಿರುವುದೇ ಆ ಕಾರಣಕ್ಕೆ. ಅಂಥ ಸೈಟಿಗೆ ಬ್ಯಾಂಕ್ ಸಾಲ ಸಿಗುವುದು ದುಸ್ತರ, ನಕ್ಷೆ ಮಂಜೂರಾಗುವುದು ದುಸ್ತರ, ನಾಳೆ ಮಾರುವುದಕ್ಕೂ ಅದೇ ತೊಡಕು. ಬೆಂಗಳೂರಿನ ಬಿ ಖಾತಾ ಸ್ವತ್ತುಗಳ, ಅಂದರೆ ನಿಯಮಬದ್ಧ ಅನುಮೋದನೆಯಿಲ್ಲದೆ ತೆರಿಗೆಗಷ್ಟೇ ಪ್ರತ್ಯೇಕವಾಗಿ ದಾಖಲಾದ ಸ್ವತ್ತುಗಳ, ಸಂಕಟದ ಮೂಲವೂ ಬಹುತೇಕ ಇದೇ.

ಬರಲಿರುವ ಮೆಟ್ರೊವನ್ನು ನಂಬಿ ಮನೆ ಮಾಡುವುದನ್ನೂ ನಾನು ಒಪ್ಪಲಾರೆ. ವಿಮಾನ ನಿಲ್ದಾಣದ ನೀಲಿ ಮಾರ್ಗದ ಕೆಲಸ ನಡೆಯುತ್ತಿರುವುದು ನಿಜ. ಆದರೆ ಬೆಂಗಳೂರಿನ ಮೆಟ್ರೊ ಮಾರ್ಗಗಳು ಹೇಳಿದ ಗಡುವಿಗೆ ಮುಗಿದ ಉದಾಹರಣೆ ಅಪರೂಪ. ನಿಮ್ಮ ಮಗ ದಿನವೂ ಹೋಗಬೇಕಾದದ್ದು ಇಂದಿನ ರಸ್ತೆಯಲ್ಲಿ. ಇಂದು ಓಡುತ್ತಿರುವ ರೈಲು, ಇಂದು ಬರುತ್ತಿರುವ ನೀರು ಇವೆರಡನ್ನೇ ಲೆಕ್ಕಕ್ಕೆ ಹಿಡಿಯಿರಿ.

ಬಾಡಿಗೆ ದಂಡವೆಂಬ ಮಾತು ನಮ್ಮ ಕಡೆ ಬಹಳ ಬೇರೂರಿದೆ. ನಾಲ್ಕು ತಿಂಗಳ ನೌಕರಿಯಲ್ಲಿ ಮಗ ಇದೇ ಕಂಪನಿಯಲ್ಲಿ, ನಗರದ ಇದೇ ಭಾಗದಲ್ಲಿ ನಿಲ್ಲುತ್ತಾನೆಂದು ಅವನಿಗೇ ಗೊತ್ತಿರುವುದಿಲ್ಲ. ಉತ್ತರದಲ್ಲಿ ಮನೆ ಕಟ್ಟಿಸಿದ ಮೇಲೆ ಕೆಲಸ ದಕ್ಷಿಣದ ತುದಿಗೆ ಬದಲಾದರೆ ಆ ಮನೆಯನ್ನು ಬಾಡಿಗೆಗೆ ಕೊಟ್ಟು ತಾನು ಬೇರೆ ಕಡೆ ಬಾಡಿಗೆಗಿರುವ ಸ್ಥಿತಿ ಬರುತ್ತದೆ. ಕನಿಷ್ಠ ಒಂದು ಮಳೆಗಾಲ, ಒಂದು ಬೇಸಿಗೆ ಅವನು ಬಾಡಿಗೆ ಮನೆಯಲ್ಲೇ ಕಳೆಯಲಿ. ಹಣ ಬ್ಯಾಂಕಿನಲ್ಲಿದ್ದರೆ ಬಡ್ಡಿಯಾದರೂ ಬರುತ್ತದೆ. ಆಮೇಲೆ ಕೊಳ್ಳುವುದಾದರೆ ಮೂಲ ಕ್ರಯಪತ್ರಗಳು, ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರ, ಇ-ಖಾತಾ, ಭೂ ಪರಿವರ್ತನೆಯ ಆದೇಶ, ಅನುಮೋದಿತ ನಕ್ಷೆ ಇವನ್ನೆಲ್ಲ ಮಾರುವವರು ಹೇಳಿದ ವಕೀಲರಿಗಲ್ಲದೆ ನೀವೇ ಗೊತ್ತುಮಾಡಿದ ವಕೀಲರಿಗೆ ತೋರಿಸಿ. ಅಪಾರ್ಟ್‌ಮೆಂಟ್ ಆದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಸಂಖ್ಯೆಯನ್ನು ಅದರ ಜಾಲತಾಣದಲ್ಲಿ ಹಾಕಿ ನೋಡಿ. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಮನೆಗಳ ಯೋಜನೆಗೆ ನೋಂದಣಿ ಕಡ್ಡಾಯ. ಕಟ್ಟಿ ಮುಗಿದಿದ್ದರೆ ಸ್ವಾಧೀನಾನುಭವ ಪತ್ರ, ಎಲ್ಲರೂ ಓಸಿ ಎನ್ನುವುದು, ಬಂದಿದೆಯೇ ಎಂದು ಕೇಳಿ. ಅದಿಲ್ಲದ ಕಟ್ಟಡಕ್ಕೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟು ಡಿಸೆಂಬರ್ 2024ರಲ್ಲಿ ಹೇಳಿದ ಮೇಲೆ ಈ ಕಾಗದದ ತೂಕ ಇನ್ನೂ ಹೆಚ್ಚಾಗಿದೆ.

ಭೋಗ್ಯದ ಮನೆ ನೋಡಲು ಲಾಭದ್ದು, ತಿಂಗಳ ಬಾಡಿಗೆಯಿಲ್ಲ, ಬಿಡುವಾಗ ಪೂರ್ತಿ ಹಣ ವಾಪಸು. ಆದರೆ ಹಣದ ತುರ್ತಿದ್ದವರೇ ಹೆಚ್ಚಾಗಿ ಮನೆಯನ್ನು ಭೋಗ್ಯಕ್ಕೆ ಕೊಡುತ್ತಾರೆ. ಆ ಮನೆಯ ಮೇಲೆ ಬ್ಯಾಂಕಿನ ಸಾಲವಿದ್ದು ಕಂತು ಕಟ್ಟದೆ ಹೋದರೆ, ಬ್ಯಾಂಕು ಬೀಗ ಹಾಕಲು ಬಂದ ದಿನ ನಿಮ್ಮ ಮಗನಿಗೆ ವಿಷಯ ಗೊತ್ತಾಗುತ್ತದೆ. ನಿಜವಾದ ಮಾಲೀಕರಲ್ಲದವರು, ಮಧ್ಯವರ್ತಿಗಳು ಭೋಗ್ಯದ ಹಣ ಪಡೆದು ಕಾಣೆಯಾದ ಪ್ರಕರಣಗಳೂ ಆಗಿವೆ. ಹಿಡಿಯಲೇಬೇಕೆಂದರೆ ಖಾತಾ ಯಾರ ಹೆಸರಿನಲ್ಲಿದೆ ನೋಡಿ, ಋಣಭಾರ ಪತ್ರ ತೆಗೆಸಿ, ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ನೋಂದಣಿ ಬೇಡವೆನ್ನುವ ಮಾಲೀಕರನ್ನು ಅಲ್ಲಿಗೇ ಬಿಟ್ಟುಬಿಡಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 68. ಮಂಡಿನೋವಿದೆ. ಗಂಡು ಮಕ್ಕಳಿಬ್ಬರೂ ಬೆಂಗಳೂರಿನಲ್ಲಿದ್ದಾರೆ. ದೊಡ್ಡವನದು ಸರ್ಜಾಪುರ ರಸ್ತೆಯ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಏಳನೆಯ ಮಹಡಿ. ಚಿಕ್ಕವನದು ಜಯನಗರದಲ್ಲಿ ಲಿಫ್ಟ್ ಇಲ್ಲದ ಎರಡನೆಯ ಮಹಡಿಯ ಬಾಡಿಗೆ ಮನೆ. ಇಲ್ಲಿನ ಮನೆ ಮಾರಿ ಬಂದುಬಿಡು ಎನ್ನುತ್ತಾರೆ. ಯಾರ ಮನೆಯಲ್ಲಿ ಇರಲಿ?
— ಓದುಗರು, ಹೊನ್ನಾವರ

ಉತ್ತರ: ಅಮ್ಮ, ಮನೆ ಮಾರುವ ಮಾತನ್ನು ಈಗ ಒಪ್ಪಿಕೊಳ್ಳಬೇಡಿ. ಹೋಗಿ ಇರುವುದೂ ಮನೆ ಮಾರುವುದೂ ಬೇರೆ ಬೇರೆ ತೀರ್ಮಾನಗಳು. ಮೊದಲನೆಯದನ್ನು ಹಿಂದೆಗೆದುಕೊಳ್ಳಬಹುದು, ಎರಡನೆಯದನ್ನು ಆಗದು.

ಸದ್ಯಕ್ಕೆ ಮಂಡಿಯ ಮಾತೇ ಮೇಲಾಗಬೇಕು, ಆದ್ದರಿಂದ ಲಿಫ್ಟ್ ಇರುವ ದೊಡ್ಡ ಮಗನ ಮನೆ. ಅಂಥ ಅಪಾರ್ಟ್‌ಮೆಂಟುಗಳಲ್ಲಿ ಸಂಜೆ ನಡೆದಾಡಲು ಸಮತಟ್ಟಾದ ಜಾಗ, ಕರೆಂಟು ಹೋದರೆ ಜನರೇಟರ್, ನಿಮ್ಮ ವಯಸ್ಸಿನ ನಾಲ್ಕು ಜನ ಸಿಗುತ್ತಾರೆ. ಆದರೆ ಗೇಟಿನ ಹೊರಗೆ ಒಬ್ಬರೇ ಹೋಗಿ ಹಾಲು, ಮಾತ್ರೆ ತರಲು ಅಲ್ಲಿ ಸಾಧ್ಯವಾಗುವುದು ಅನುಮಾನ. ಪ್ರತಿಯೊಂದಕ್ಕೂ ಮಗನ ಕಾರನ್ನೋ ಫೋನಿನ ಆ್ಯಪನ್ನೋ ಕಾಯಬೇಕು. ಜೀವನವಿಡೀ ಸ್ವಂತ ಕಾಲ ಮೇಲೆ ನಿಂತ ಶಿಕ್ಷಕಿಗೆ ಅದು ಬೇಗ ಬೇಸರ ತರುತ್ತದೆ ಎಂಬುದು ನನ್ನ ಭಾವನೆ. ಜಯನಗರದಲ್ಲಿ ಉದ್ಯಾನ, ದೇವಸ್ಥಾನ, ಔಷಧದಂಗಡಿ, ಗ್ರಂಥಾಲಯ, ತರಕಾರಿ ಎಲ್ಲವೂ ನಡಿಗೆಯ ದೂರದಲ್ಲಿವೆ, ಹೃದಯದ ಚಿಕಿತ್ಸೆಗೆ ಜಯದೇವ ಆಸ್ಪತ್ರೆಯೂ ಸಮೀಪ. ಅಡ್ಡಿಯಾಗಿರುವುದು ಎರಡು ಮಹಡಿ ಮೆಟ್ಟಿಲು ಮಾತ್ರ. ಚಿಕ್ಕ ಮಗನ ಬಾಡಿಗೆ ಕರಾರು ಯಾವಾಗ ಮುಗಿಯುತ್ತದೆ ಎಂದು ಕೇಳಿ. ಮುಗಿದಾಗ ಅದೇ ಬಡಾವಣೆಯಲ್ಲಿ ನೆಲಮಹಡಿಯ ಮನೆಗೆ ಬದಲಾಯಿಸಲು ಸಾಧ್ಯವೇ ಎಂದು ನೇರವಾಗಿ ಹೇಳಿ, ಹೆಚ್ಚಿನ ಬಾಡಿಗೆಗೆ ನಿಮ್ಮ ಪಿಂಚಣಿಯಿಂದ ಸ್ವಲ್ಪ ಕೊಡುವುದಾದರೆ ಅದರಲ್ಲಿ ಯಾವ ತಪ್ಪೂ ಇಲ್ಲ.

ಪಿಂಚಣಿಗಾಗಿ ಹೊನ್ನಾವರಕ್ಕೆ ಓಡಿಬರಬೇಕಿಲ್ಲ. ಜೀವಂತ ಪ್ರಮಾಣಪತ್ರವನ್ನು ಎಲ್ಲಿಂದ ಬೇಕಾದರೂ ಡಿಜಿಟಲ್ ಆಗಿ ಸಲ್ಲಿಸುವ ವ್ಯವಸ್ಥೆ ಇದೆ. ಪಡಿತರ ಚೀಟಿ, ಮತದಾರರ ಪಟ್ಟಿಯ ಹೆಸರು ಒಂದು ವರ್ಷ ಇಲ್ಲೇ ಇರಲಿ. ಕರಾವಳಿಯಲ್ಲಿ ಮಳೆಗಾಲವಿಡೀ ಮುಚ್ಚಿದ ಮನೆಗೆ ಬೂಷ್ಟು, ಗೆದ್ದಲು ಹಿಡಿಯುವುದು ನಿಮಗೆ ಗೊತ್ತೇ ಇದೆ. ಹದಿನೈದು ದಿನಕ್ಕೊಮ್ಮೆ ಬಾಗಿಲು ತೆರೆದು, ಹಂಚು ಸೋರುತ್ತಿದೆಯೇ ನೋಡಿ, ಕಸ ಗುಡಿಸುವವರನ್ನು ಸಂಬಳ ಕೊಟ್ಟು ಗೊತ್ತುಮಾಡಿ ಹೊರಡಿ; ಆ ಖರ್ಚನ್ನು ಮಕ್ಕಳಿಬ್ಬರೂ ಹಂಚಿಕೊಳ್ಳಲಿ. ಮಾರಾಟದ ವಿಷಯ ಮತ್ತೆ ಬಂದರೆ ಮುಂದಿನ ದೀಪಾವಳಿಗೆ ಎಲ್ಲರೂ ಊರಿಗೆ ಬಂದಾಗ ಎದುರುಬದುರು ಕುಳಿತು ಮಾತನಾಡಿ, ಫೋನಿನಲ್ಲಿ ಒಪ್ಪಿಗೆ ಕೊಡಬೇಡಿ.